ಹೊಸಿಲಾಚೆ ಇಟ್ಟ ದೀಪ

ಹನಿ ಬಿತ್ತು, ಎಲ್ಲೋ ಎಡಗಡೆ, ಕಲ್ಲಿನ ಮೇಲೆ — ಅಡುಗೆಮನೆಯ ನಲ್ಲಿಯೇನೋ ಎಂದು ಎದ್ದು ನೋಡಿ ಬಂದೆ, ನಲ್ಲಿ ಅಲ್ಲ, ಟಿವಿಯೊಳಗಿನ ಹಜಾರದ್ದೇ ಹನಿ, ಎಷ್ಟು ಸಲ ಮೋಸ ಹೋಗುತ್ತೇನೋ ನಾನು, ಈ ಆಟ ಮಾಡಿದ ಮಹಾನುಭಾವರು ಇಲ್ಲಿ ಸಂಗೀತ ಅಂತ ಒಂದು ಚೂರೂ ಹಾಕಿಲ್ಲ, ಹನಿ, ಕತ್ತಲು, ಕೈಯಲ್ಲಿನ ದೀಪದ ಸಣ್ಣ ಚಟಪಟ, ಮಂಜಿನ ಬಾಗಿಲಿನಾಚೆ ಕುರುಡು ಕಾವಲುಗಾರನ ಉಸಿರು, ಅಷ್ಟೇ, ಅಷ್ಟಕ್ಕೇ ಬೆನ್ನು ತಣ್ಣಗಾಗುತ್ತದೆ, ಹಳೇಬೀಡಿನ ಗುಡಿಯೊಳಗೆ ಬೇಸಿಗೆಯಲ್ಲೂ ಅಂಗಾಲು ತಣ್ಣಗಾಗುವ ಹಾಗೆ. ಒಳಗೆ ಹೋದೆ, ಗದೆ ಎತ್ತಿದ, ಉರುಳಿದೆ, ಬೇಗ ಉರುಳಿಬಿಟ್ಟೆ, ಸತ್ತೆ. ದೀಪ ಆರಿತು. ಮತ್ತೆ ಮೆಟ್ಟಿಲ ಬುಡದಿಂದ, ಮತ್ತೆ ಅದೇ ಓಣಿ — ಹಾಳಾಗಿ ಹೋಗು, ನೀನೂ ನಿನ್ನ ಗದೆಯೂ. ಯುಗಾದಿಯಿಂದ ಇವನ ಕೈಯಲ್ಲಿ ಸಾಯುತ್ತಿದ್ದೇನೆ, ಇವತ್ತು ಗೌರಿಹಬ್ಬ. ಒಬ್ಬಟ್ಟಿನ ಊಟ ಮುಗಿದು ಅತ್ತೆ ಒಳಗೆ ಮಲಗಿದ್ದಾರೆ, ಬೆಳಗಿನಿಂದ ಗೇಟಿನ ಕಡೆ ನೋಡುತ್ತಲೇ ಇದ್ದರು, ನನ್ನ ಮುಖ ಮಾತ್ರ ನೋಡಲಿಲ್ಲ, ಒಳ್ಳೆಯವರು. ಓರಗಿತ್ತಿ ಆಶಾರಾಣಿಗೆ ಅವಳ ಅಣ್ಣ ಅರೇಹಳ್ಳಿಯಿಂದ ಮೊರದ ಬಾಗಿನ ತಂದ, ಬಳೆ, ಅರಿಶಿನ, ಕುಂಕುಮ, ರವಿಕೆ ಕಣ, ಕಾಯಿ, ಅವಳು ಎರಡೂ ಕೈಯಲ್ಲಿ ಸೆರಗು ಹಿಡಿದು ತೆಗೆದುಕೊಂಡಳು, ನಾನು ಕಾಫಿ ಬೆರೆಸಲು ಹೋದೆ. ನನಗೆ ಯಾರೂ ಬರುವುದಿಲ್ಲ, ಗೊತ್ತಿದ್ದದ್ದೇ, ಗೊತ್ತಿದ್ದೂ ಬೆಳಗ್ಗೆ ರೇಷ್ಮೆ ಸೀರೆ ಉಟ್ಟೆ, ಇನ್ನೂ ಬಿಚ್ಚಿಲ್ಲ.

ಪಾಸ್‌ವರ್ಡ್ ತೆಗ್ದಾಕು ಕಣೇ ಸಿರಿ, ಜಪಾನ್‌ನೋನೋ ಬ್ರೆಜಿಲ್‌ನೋನೋ ಬಂದು ಒಂದೇ ಏಟಿಗೆ ಹೊಡ್ದಾಕಿ ಹೋಯ್ತಾನೆ, ಅಂತ ಸುನಿಲ್, ನನ್ನ ಗಂಡ, ಅವನು ಹೇಳುವುದು ಸರಿಯೇ, ನೆಲದ ಮೇಲೆ ಗುರುತು ಬರೆದರೆ ಈ ಆಟದಲ್ಲಿ ಬೇರೆ ಯಾರಾದರೂ ಬಿಳಿ ನೆರಳಾಗಿ ಬಂದು ಜೊತೆಗೆ ಹೋರಾಡುತ್ತಾರೆ, ಮಾತಿಲ್ಲ, ಬರಹವಿಲ್ಲ, ಕೈಸನ್ನೆ ಅಷ್ಟೇ, ಕಾವಲುಗಾರ ಸತ್ತ ಕೂಡಲೇ ಕರಗಿ ಹೋಗುತ್ತಾರೆ. ಪಾಸ್‌ವರ್ಡ್ ಇಟ್ಟರೆ ಅದೇ ಪಾಸ್‌ವರ್ಡ್ ಇಟ್ಟವರು ಮಾತ್ರ ಬರಬಹುದು, ತೆಗೆದರೆ ಅವರೊಬ್ಬರನ್ನು ಬಿಟ್ಟು ಬೇರೆ ಯಾರು ಬೇಕಾದರೂ ಬರಬಹುದು, ನನ್ನದು ಕೆಂಚ, ನಮ್ಮ ಮನೆ ನಾಯಿಯ ಹೆಸರು, ನಾನು ಹಾಸನದ ಹಾಸ್ಟೆಲಿನಲ್ಲಿದ್ದಾಗ ಶರತಣ್ಣನೂ ನಾನೂ ಇಟ್ಟುಕೊಂಡದ್ದು, ಅವನು ಹಳೇಬೀಡಿನಿಂದ, ನಾನು ಹಾಸ್ಟೆಲಿನಿಂದ, ಎಷ್ಟು ಗುಹೆ ಎಷ್ಟು ಕೋಟೆ ದಾಟಿದೆವೋ. ತೆಗೆಯುವುದಿಲ್ಲ. ಮೊಂಡುತನ ಅಂದುಕೊಂಡಿದ್ದಾನೆ ಸುನಿಲ್, ಅಂದುಕೊಳ್ಳಲಿ, ತೆಗೆದರೆ ಅಣ್ಣನಿಗೆಂದು ಉಳಿದಿರುವ ಒಂದೇ ಬಾಗಿಲನ್ನು ನಾನೇ ಹಾಕಿಕೊಂಡ ಹಾಗೆ, ಅದನ್ನು ಇವನಿಗೆ ಹೇಗೆ ಹೇಳಲಿ. ಬೇಗ ಉರುಳಿಬಿಡುತ್ತೇನೆ, ಅದೇ ನನ್ನ ರೋಗ, ಗದೆ ಎತ್ತಿದ ಮೇಲೂ ಕಾವಲುಗಾರ ಒಂದು ಉಸಿರು ತಡೆಯುತ್ತಾನೆ, ಆ ಉಸಿರು ಕೇಳಿಸಿಕೊಳ್ಳಬೇಕು — ಕಣ್ ಮುಚ್ಕೊಂಡು ಕೇಳೇ, ನೋಡಿದ್ರೆ ಗೊತ್ತಾಗಲ್ಲ, ಹಳೇಬೀಡಿನ ಮನೆಯ ಅಟ್ಟದ ಮೇಲೆ ಚಿಕ್ಕಂದಿನ ಅಣ್ಣ, ಕೊಬ್ಬರಿಗೆಂದು ಹಾಕಿದ ಕಾಯಿಯನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಾನೆ, ನೀರಿದ್ದರೆ ಗುಳುಗುಳು, ಒಣಗಿದ್ದರೆ ಒಳಗಿನ ಗಿಟುಕು ಕಳಚಿಕೊಂಡು ಗಡಗಡ, ನಾನು ಆತುರಗಾತಿ, ನೀರಿರುವ ಕಾಯಿಯನ್ನೇ ಒಡೆದುಬಿಡುತ್ತಿದ್ದೆ, ಬೈಗುಳ ಅವನಿಗೆ ಬೀಳುತ್ತಿತ್ತು. ಸುನಿಲ್, ಗೆಂಡೆಹಳ್ಳಿಯ ಗೌಡರ ಹುಡುಗ, ನಮ್ಮ ಜಾತಿಯವನಲ್ಲ, ಅವನನ್ನೇ ಮದುವೆಯಾಗುತ್ತೇನೆ ಅಂದಾಗ ಅಪ್ಪ ಬೈಯಲೂ ಇಲ್ಲ, ಮಠಕ್ಕೆ ಹೋಗಿ ಬಂದು ಜಗಲಿಯಲ್ಲಿ ಕೂತು ಮೆಲ್ಲಗೆ, ಹೋಗೋಳು ಹೋಗ್ಲಿ, ಈ ಮನೆಯೋರು ಯಾರೂ ಅವಳ ಹೊಸಿಲು ತುಳೀಕೂಡ್ದು, ಶರತ, ನನ್ನ ಕೈ ಮುಟ್ಟಿ ಹೇಳು. ಮುಟ್ಟಿದ. ಮುಟ್ಟಿ, ನನ್ನ ಬ್ಯಾಗನ್ನು ತಂದು ಹೊಸಿಲಾಚೆ ಇಟ್ಟ, ಇಡಲು ಬಗ್ಗಿದವನು ತಲೆ ಎತ್ತಲೇ ಇಲ್ಲ. ಸಿಟ್ಟಿದೆ ನನಗೆ, ಇಲ್ಲ ಅಂದರೆ ಸುಳ್ಳು, ಆದರೆ ಸಿಟ್ಟು ಬಂದಾಗಲೆಲ್ಲ ಕಾಣಿಸುವುದು ಆ ಬಗ್ಗಿದ ತಲೆ, ಸುಳಿ ಹತ್ತಿರ ಎದ್ದು ನಿಂತ ಕೂದಲು.

ಸ್ಟೇಷನ್ನಿನ ಕಡೆ ರೈಲು ಕೂಗಿತು, ಅರಸೀಕೆರೆಯಲ್ಲಿ ರೈಲು ಕೂಗದ ಗಳಿಗೆ ಯಾವುದು, ಇನ್ನೊಂದೇ ಸಲ ಸತ್ತು ಸೀರೆ ಬದಲಾಯಿಸುತ್ತೇನೆ, ಓಣಿ ಮುಗಿದು ಬಾಗಿಲ ಮುಂದೆ ಬಂದೆ, ನೆಲದ ಮೇಲೆ ಗುರುತು ಬರೆದೆ, ಅಭ್ಯಾಸ, ಬರೆದು ಕಾಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು — ನೆಲ ಬೆಳಗುತ್ತಿದೆ. ಬಿಳಿ ನೆರಳು ಏಳುತ್ತಿದೆ, ಮೊದಲು ತಲೆ, ಆಮೇಲೆ ಭುಜ. ಸುಮ್ಮನೆ ನಿಂತಿದೆ. ಆಮೇಲೆ ಪಕ್ಕದ ಕಂಬಕ್ಕೆ ನಿಧಾನವಾಗಿ ಒಂದು ಸುತ್ತು ಬಂತು, ಬಲದಿಂದ, ಗುಡಿಯಲ್ಲಿ ಅಣ್ಣ ಬರುತ್ತಿದ್ದ ಹಾಗೆ, ಈಗ ಬಂದೆಯಾ, ಈಗ, ನಾನು ಕತ್ತಿ ಬೀಸಿದೆ, ಇನ್ನೊಮ್ಮೆ ಬೀಸಿದೆ, ನೆರಳಿಗೆ ಕತ್ತಿ ತಾಗುವುದಿಲ್ಲ, ಅವನಿಗೂ ಗೊತ್ತು ನನಗೂ ಗೊತ್ತು, ತಪ್ಪಿಸಿಕೊಳ್ಳದೆ ನಿಂತೇ ಇದ್ದ, ನನಗೆ ಸಾಕಾಯಿತು. ಹನಿ ಬಿತ್ತು. ಬಗ್ಗಿದ. ಏನೋ ಇಟ್ಟ, ಮಂಜಿನ ಬಾಗಿಲ ಹೊಸಿಲಿನ ಈಚೆ, ನನ್ನ ಕಾಲ ಹತ್ತಿರ — ಹಸಿರು ಉಂಗುರ, ಅದರ ಪಕ್ಕ ಕೆಂಪು ಹೂ, ಮಡಿಸಿದ ಬಟ್ಟೆ, ಯಾವುದೋ ಹಣ್ಣು, ಆಟದಲ್ಲಿ ಬಳೆ ಇಲ್ಲ ಅರಿಶಿನ ಇಲ್ಲ, ಸಿಕ್ಕಿದ್ದರಲ್ಲಿ ಹುಡುಕಿ ಆರಿಸಿ ತಂದಿದ್ದಾನೆ, ಎಷ್ಟು ದಿನದಿಂದ ಕೂಡಿಸಿಟ್ಟಿದ್ದನೋ, ಅಪ್ಪನಿಗೆ ಕೊಟ್ಟ ಮಾತೂ ಮುರಿಯಲಿಲ್ಲ, ಕಳ್ಳ. ಕೊನೆಗೆ ತನ್ನ ದೀಪ ಇಟ್ಟ. ಇಟ್ಟು ಬಗ್ಗಿಯೇ ಇದ್ದಾನೆ. ಒಂದು ಗುಂಡಿ ಒತ್ತಿದರೆ ಎತ್ತಿಕೊಳ್ಳಬಹುದು, ಎತ್ತಿಕೊಂಡರೆ ಇಲ್ಲಿ ನಿಲ್ಲಲು ಇನ್ನೇನು ನೆಪ, ಒಳಗೆ ಹೋಗಬೇಕು, ಇವನು ಜೊತೆಗಿದ್ದರೆ ಗೆದ್ದೇ ಗೆಲ್ಲುತ್ತೇವೆ, ಗೆದ್ದರೆ ಇವನು ಕರಗುತ್ತಾನೆ, ಇರಲಿ ಕಾವಲುಗಾರ, ಇನ್ನೊಂದು ಸ್ವಲ್ಪ ಬದುಕಿರಲಿ. ಕಂಟ್ರೋಲರ್ ಮಡಿಲಲ್ಲಿ ಬಿದ್ದಿದೆ, ಯಾವಾಗ ಬಿಟ್ಟೆನೋ, ಎರಡೂ ಕೈಯಲ್ಲಿ ಸೆರಗು ಹಿಡಿದಿದ್ದೇನೆ, ಟಿವಿಯ ಮುಂದೆ, ಹುಚ್ಚಿ, ಯಾರಾದರೂ ನೋಡಿದರೆ — ಹನಿ — ನೋಡಲಿ — ದೀಪ ಉರಿಯುತ್ತಿದೆ, ಅವನು ತಲೆ ಎತ್ತಿಲ್ಲ, ದೀಪ, ಆ ಬಗ್ಗಿದ ತಲೆ, ದೀಪ