ಮನೆ ಮುಂದಿನ ಹಂಪ್ಸ್

ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಿಂದ ಬರುವ ಟಾರು ರಸ್ತೆಗೂ ನಮ್ಮ ಜಗಲಿಗೂ ಆರು ಮಾರು ದೂರ. ಮೊಮ್ಮಗಳು ಮಧುಶ್ರೀಗೆ ಉಬ್ಬಸ. "ಗಾಡಿಗಳು ನಿಧಾನವಾಗಿ ಹೋದರೆ ಧೂಳು, ಹೊಗೆ ಎರಡೂ ಕಡಿಮೆಯಾಗುತ್ತೆ" ಎಂದಿದ್ದರು ಡಾಕ್ಟರಮ್ಮ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ನಾನೇ ಪಂಚಾಯ್ತಿಗೆ ಅರ್ಜಿ ಬರೆದೆ. ವೇಗ ಮೂವತ್ತು ಮೀರಬಾರದೆಂಬ ಬೋರ್ಡೂ ಬಂತು. ಯಾರು ಓದುತ್ತಾರೆ? ಕಾರುಗಳು ಹಾರುತ್ತಲೇ ಇದ್ದವು.

ಕೊನೆಗೆ ಅವಳಪ್ಪ, ನನ್ನ ಮಗ ನಂಜುಂಡ ಊರವರನ್ನು ಸೇರಿಸಿ, ಕಲ್ಲು, ಸಿಮೆಂಟು ಹಾಕಿ ನಮ್ಮ ಮನೆ ಎದುರಿಗೇ ರಸ್ತೆಗೆ ಅಡ್ಡಲಾಗಿ ಹಂಪ್ಸ್ ಕಟ್ಟಿದ. "ಇನ್ನೊಂದ್ ಗೇಣು ಎತ್ರ ಮಾಡ್ರಲಾ" ಎಂದವಳು ನಾನೇ.

ಗಾಡಿಗಳು ನಿಧಾನವಾದವು. ಆದರೆ ಹಂಪ್ಸಿನ ಮುಂದೆ ಬ್ರೇಕು, ಹತ್ತಲು ಫಸ್ಟ್ ಗೇರು, ಇಳಿದ ಮೇಲೆ ಗುರ್ರೆಂದು ಓಟ. ಒಂದೊಂದೂ ನಮ್ಮ ಜಗಲಿಗೇ ಹೊಗೆ ಉಗುಳಿ ಹೋಗುತ್ತಿತ್ತು. ಮಗು ಒಂದು ಮಾತಾಡಲು ಮೂರು ಸಲ ಉಸಿರೆಳೆಯತೊಡಗಿತು.

"ನಾನು ಅಂದದ್ದು ಒಂದೇ ಸಮ ನಿಧಾನಕ್ಕೆ ಹೋಗಬೇಕು ಅಂತ, ಅಜ್ಜಿ. ಹಿಂಗೆ ನಿಂತು ನಿಂತು ಹೊರಟರೆ ಹೊಗೆ ಇನ್ನೂ ಜಾಸ್ತಿ" ಎಂದರು ಡಾಕ್ಟರಮ್ಮ.

ಅಷ್ಟರಲ್ಲಿ ಹುರುಳಿ ಒಕ್ಕಣೆ ಬಂತು. ಕಿತ್ತ ಹುರುಳಿಯನ್ನು ರಸ್ತೆಗೆ ಹರಡಿ ಗಾಡಿ ಚಕ್ರದಿಂದಲೇ ತುಳಿಸುವುದು ನಮ್ಮ ಕಡೆ ರೂಢಿ. ಗಾಡಿ ಮೆಲ್ಲಗೆ ಹೋದರೆ ಕಾಳು ಸಿಡಿಯುವುದಿಲ್ಲ; ಹಂಪ್ಸ್ ಊರವರಿಗೆ ಅನುಕೂಲವೇ ಆಯಿತು. ಹಂಪ್ಸ್ ಒಡೆಯಿರಿ ಎಂದು ನಾನು ಕೇಳಿದಾಗ ಪಕ್ಕದ ಮನೆ ಜವರಯ್ಯ ನಕ್ಕುಬಿಟ್ಟ.

"ಏನ್ ದೊಡ್ಡವ್ವ, ನೀನೇ ಕಟ್ಟುಸ್ದೆ, ಈಗ ನೀನೇ ಒಡಿ ಅಂತೀಯ! ಆಟ ಆಡ್ತಿದ್ದೀಯಾ?"

"ಮಗೀಗೆ ಉಸ್ರು ಕಟ್ತದೆ ಕಣ್ಲಾ ಜವರ."

"ಒಕ್ಕಣೆ ಮುಗೀಲಿ ಬುಡು. ಒಂದ್ ತಿಂಗ್ಳು ಅಷ್ಟೇಯ."

ತಿಂಗಳು ಕಾಯುವುದು ನನಗೇನು ಕಷ್ಟ? ಆದರೆ ಮೂರನೇ ದಿನವೇ ಮಗುವಿನ ತುಟಿ ನೀಲಿಯಾಯಿತು. ಆಸ್ಪತ್ರೆಯಿಂದ ಬಂದವನೇ ನಂಜುಂಡ ಅವಳನ್ನು ಎನ್. ಬೇಗೂರಿಗೆ, ತಂಗಿ ಚಂದ್ರಿಕಾಳ ಮನೆಗೆ ಬಿಡಲು ಹೊರಟ. ಆ ಮನೆ ರಸ್ತೆಯಿಂದ ದೂರ, ಹೊಲದ ನಡುವೆ ಇದೆ.

ಮಧುಶ್ರೀ ನನ್ನ ಸೆರಗು ಬಿಡಲಿಲ್ಲ. "ನಾನೇನ್ ತಪ್ ಮಾಡ್ದೆ ಅಜ್ಜಿ?" ಎಂದಳು. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.

ಒಕ್ಕಣೆ ಮುಗಿದ ಮೇಲೆ ಜವರಯ್ಯ ಹಾರೆ ತಂದು ಹಂಪ್ಸ್ ಒಡೆದ. ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಕಾರುಗಳು ಮತ್ತೆ ಧೂಳೆಬ್ಬಿಸಿಕೊಂಡು ಹಾರತೊಡಗಿದವು. ಮಗುವನ್ನು ಕರೆಸುವ ಮಾತನ್ನು ಯಾರೂ ಎತ್ತಲಿಲ್ಲ.

ಮೊನ್ನೆ ಫೋನು ಮಾಡಿದ್ದಳು.

"ಅಜ್ಜೀ, ಇಲ್ಲಿ ಮುಟ್ಟಾಟ ಆಡ್ತೀನಿ ಕಣಜ್ಜಿ. ಎಷ್ಟ್ ಓಡುದ್ರೂ ಏನೂ ಆಗಕಿಲ್ಲ. ಅತ್ತೆ ನನ್ನ ಇಲ್ಲೇ ಇಸ್ಕೂಲಿಗೆ ಸೇರ್ಸವ್ಳೆ."

"ಒಳ್ಳೇದಾಯ್ತು ಕಣವ್ವ" ಎಂದೆ.

ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಬತ್ತೀನಿ ಎಂದು ಅವಳೂ ಅನ್ನಲಿಲ್ಲ.