ಎವೆಲಿಯೊನ ಎರಡು ಥರದ ಖಾಲಿ

ನನ್ನ ಗಂಡ ಎವೆಲಿಯೊನ ಬಲಗೈ ತೋರುಬೆರಳು ಒಂದು ಕ್ಷಣ ಸುಮ್ಮನಿದ್ದದ್ದನ್ನು ನಾನು ಕಾಣೆ. ಊಟದ ಮೇಜು, ಬಸ್ಸಿನ ಸರಳು, ಮಲಗಿದರೆ ನನ್ನ ಬೆನ್ನು, ಎಲ್ಲದರ ಮೇಲೂ ಟಕ್ ಟಕ್ ಎಂದು ಚೌಕದ ಮನೆ ಎಣಿಸುತ್ತಿತ್ತು: ಅಡ್ಡಕ್ಕೆ ಎಂಬತ್ತು, ಉದ್ದಕ್ಕೆ ಇಪ್ಪತ್ತನಾಲ್ಕು. ಅವನ ಕಂಪ್ಯೂಟರ್ ಪರದೆಯ ಅಳತೆ ಅದು. ನಡಿಗೆಯೂ ಹಾಗೆಯೇ, ನೆಲದ ಚೌಕಗಳ ಗೆರೆ ತುಳಿಯದೆ, ಒಂದೊಂದು ಚೌಕಕ್ಕೆ ಒಂದೊಂದೇ ಹೆಜ್ಜೆ ಇಟ್ಟು, ಹಿಂದಿನಿಂದ ಯಾರೋ ದಬ್ಬುತ್ತಿರುವ ಹಾಗೆ ಹೋಗುತ್ತಿದ್ದ.

ಕ್ಯೂಬಾದ ಉತ್ತರ ದಂಡೆಯ ನಮ್ಮ ಊರಿನಲ್ಲಿ ಮೀನುಗಾರರ ಸಂಘದ ಕಚೇರಿಯಿದೆ. ಅಲ್ಲಿನ ಕಂಪ್ಯೂಟರ್ ನಮ್ಮ ಮದುವೆಯಷ್ಟು ಹಳೆಯದು. ಚಿತ್ರ ತೋರಿಸುವ ತ್ರಾಣ ಅದಕ್ಕಿಲ್ಲ, ಅಕ್ಷರ ಮಾತ್ರ ತೋರಿಸುತ್ತದೆ. ಎವೆಲಿಯೊ ಆ ಅಕ್ಷರಗಳಿಂದಲೇ ಕಡಲು ಬರೆದ. ಅಡಿಯಲ್ಲಿ ಅಲೆಯ ಗುರುತುಗಳು. ಅದರ ಮೇಲಿನ ಪದರದಲ್ಲಿ ದೋಣಿಗಳು, ಒಂದೊಂದಕ್ಕೆ ಹೆಸರಿನ ಮೊದಲಕ್ಷರ. ಎಲ್ಲಕ್ಕಿಂತ ಮೇಲೆ ಗಾಳಿ, ಓರೆಗೆರೆಗಳಾಗಿ. ದೋಣಿಯವರು ರೇಡಿಯೊದಲ್ಲಿ ಎಲ್ಲಿದ್ದೇವೆಂದು ಹೇಳಿದ ಹಾಗೆ ಅಕ್ಷರ ಸರಿಸುತ್ತಿದ್ದ. ಹೆಂಗಸರು ಕಟಕಟೆಗೆ ಮೊಣಕೈಯೂರಿ ನಿಂತು ತಂತಮ್ಮ ದೋಣಿಯ ಅಕ್ಷರ ನೋಡಿಕೊಂಡು ಅಡುಗೆಗೆ ಹೋಗುತ್ತಿದ್ದರು.

ಪದರಗಳನ್ನು ಮೊದಲು ಮನೆಯಲ್ಲಿ ತೆಳು ಕಾಗದಕ್ಕೆ ಚೌಕ ಹಾಕಿ ಬರೆಯುತ್ತಿದ್ದ. ಹಾಳೆಯ ಮೇಲೆ ಹಾಳೆಯಿಟ್ಟು, ನನ್ನ ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ.

"ನೋಡೇ ಮುದುಕಿ, ಖಾಲಿ ಜಾಗ ಎರಡು ಥರ. ಒಂದು ಕೆಳಗಿರೋದನ್ನ ತೋರಿಸುತ್ತೆ. ಇನ್ನೊಂದು ಒರೆಸಿಬಿಡುತ್ತೆ. ನೋಡೋಕೆ ಎರಡೂ ಒಂದೇ."

"ಮೊದಲು ನನ್ನ ಕ್ಲಿಪ್ಪು ಕೊಡು. ಅಲ್ಲಿ ಹಗ್ಗದ ಮೇಲಿಂದ ನಿನ್ನ ಚಡ್ಡಿ ಹಾರಿಹೋಗ್ತಿದೆ."

ಹನ್ನೊಂದು ವರ್ಷದ ಹಿಂದೆ, ಜನವರಿಯ ಒಂದು ಮಧ್ಯಾಹ್ನ, ಬಡಗಣ ಗಾಳಿ ಎದ್ದಿತು. ನಾನು ಅವನಿಗೆ ಅನ್ನ, ಕರಿ ಬೀನ್ಸಿನ ಸಾರು ಒಯ್ದಿದ್ದೆ. ಸಂಘದ ಮುಖ್ಯಸ್ಥ ಬಾಸಿಲಿಯೊ ಅವನ ಭುಜದ ಮೇಲೆ ಬಾಗಿ, "ಗಾಳಿ ಹಾಕಯ್ಯ, ದೊಡ್ಡದಾಗಿ ಹಾಕು, ಎಷ್ಟೊತ್ತು ಮಾರಾಯ!" ಎಂದು ಕೂಗುತ್ತಿದ್ದ. ಎವೆಲಿಯೊ ಹೊಸ ಪದರ ಬರೆದು ಹಾಕಿದ. ಅವಸರದಲ್ಲಿ ಅದರ ಖಾಲಿ ಮನೆಗಳೆಲ್ಲ ಒರೆಸುವ ಖಾಲಿಯಾಗಿದ್ದವು. ಗಾಳಿ ಹಾಕಿದ ಮೂಲೆಯಲ್ಲಿದ್ದದ್ದು ಒಂದೇ ದೋಣಿ. ಅದು ಮಾಯವಾಯಿತು.

ಕಟಕಟೆಯಲ್ಲಿ ಜೊರೈದಾ ನಿಂತಿದ್ದಳು. ಗಂಡ, ಮೈದುನ ಇಬ್ಬರೂ ಆ ದೋಣಿಯಲ್ಲಿದ್ದರು.

"ನನ್ನ ಅಕ್ಷರ ಎಲ್ಲೋ, ಎವೆಲಿಯೊ?"

ಕೇಳುತ್ತಲೇ ನೆಲಕ್ಕೆ ಕುಸಿದಳು.

ದೋಣಿಗೆ ಏನೂ ಆಗಿರಲಿಲ್ಲ. ಕಾಲು ಗಂಟೆಯಲ್ಲಿ ಅವನು ತಪ್ಪು ಹಿಡಿದು ಅಕ್ಷರ ಮರಳಿಸಿದ. ಸಂಜೆಗೆ ಗಂಡಸರೂ ಮರಳಿದರು. ಆದರೂ ಜೊರೈದಾ, "ಕಾಲು ಗಂಟೆ ನನ್ನನ್ನ ವಿಧವೆ ಮಾಡಿದೆಯಲ್ಲೋ," ಎಂದಳು. ಆಮೇಲೆ ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ಕಡಲ ಗೋಡೆಯ ಮೇಲೆ ಕೂತು ಕಾಯುತ್ತಿದ್ದಳು.

ಅಂದಿನಿಂದ ಅವನಿಗೊಂದು ಹಟ ಹತ್ತಿತು. ದಿನದಿನವೂ ಗಾಳಿ ಬೇರೆ, ಪದರ ಬೇರೆ. ಕಚೇರಿ ಮುಚ್ಚುವ ಮುನ್ನ ತನ್ನ ಹೆಸರಿನ ‘ಎ’ಯನ್ನು ದೋಣಿಗಳ ಪದರದಲ್ಲಿಟ್ಟು, ಮನೆಗೆ ಒಂದೊಂದು ಸಲ ಕೀ ಒತ್ತಿ, ಎಂಬತ್ತು ಮನೆ ಇಪ್ಪತ್ತನಾಲ್ಕು ಸಾಲು ನಡೆಸುತ್ತಿದ್ದ, ಎಲ್ಲಾದರೂ ಮುಚ್ಚಿಹೋಗುತ್ತದೋ ಎಂದು. ಸಾರು ಆರುತ್ತಿತ್ತು. ನಾನು ರೇಗುತ್ತಿದ್ದೆ.

"ಬಾಸಿಲಿಯೊನ ಅಕ್ಷರ ನಡೆಸು. ದಪ್ಪಗಿದ್ದಾನೆ, ಬೇಗ ಕಾಣ್ತಾನೆ."

ಅವನು ನಗಲಿಲ್ಲ. "ಮಾಯ ಆಗೋದಿದ್ರೆ ನಾನೇ ಆಗ್ತೀನಿ ಬಿಡೇ."

ಕಳೆದ ಮಾರ್ಚಿನ ಒಂದು ಸಂಜೆ ಆ ಕುರ್ಚಿಯಲ್ಲೇ ಅವನ ಎದೆಬಡಿತ ನಿಂತಿತು. ಮಣ್ಣು ಮಾಡಿದ ಮರುದಿನ ಬಾಸಿಲಿಯೊ ನನ್ನನ್ನು ಕರೆಸಿದ. ಎರಡು ದಿನ ಕರೆಂಟೂ ಹೋಗಿರಲಿಲ್ಲ, ನಮ್ಮೂರಿನಲ್ಲಿ ಅದೇ ಸೋಜಿಗ. ದೋಣಿಗಳನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದರು. ಪರದೆಯಲ್ಲಿ ‘ಎ’ ಅವನು ಬಿಟ್ಟಲ್ಲೇ, ಹನ್ನೊಂದನೆಯ ಸಾಲಿನಲ್ಲಿ ನಿಂತಿತ್ತು.

"ಒರೆಸೋಕೆ ಯಾರಿಗೂ ಕೈ ಬರ್ತಿಲ್ಲ, ಒಡಾಲಿಸ್ ಅಕ್ಕಾ," ಎಂದ.

ಕುರ್ಚಿಯಲ್ಲಿ ಕೂತು ಕೀ ಒತ್ತಿದೆ. ಒಂದು ಮನೆ ಸರಿಯಿತು. ಇನ್ನೊಂದು. ಗಾಳಿಯ ಗೆರೆಗಳ ನಡುವೆ ಹೊಕ್ಕಿತು. ಗೆರೆಯ ಅಡಿ ಬಂದಾಗ ಗೆರೆಯೇ ಸರಿದು ದಾರಿ ಬಿಟ್ಟಿತು. ಅದನ್ನೂ ಅವನು ಬರೆದಿಟ್ಟಿದ್ದ. ಐದಾರು ಸಾಲಾದ ಮೇಲೆ ಬೆನ್ನ ಹಿಂದೆ ಉಸಿರು ಕೇಳಿಸಿತು. ಜೊರೈದಾ.

"ಬೆರಳು ನೋಯಲ್ವೇನೇ? ಏಳು, ನಾನು ಒತ್ತೀನಿ."

"ಬಿಟ್ಟು ಬಿಟ್ಟು ಹೋಗಬೇಡ. ಒಂದೊಂದೇ ಮನೆ."

"ಗೊತ್ತು ಕಣೆ."

ಕೊನೆಯ ಸಾಲಿನ ಕೊನೆಯ ಮನೆಯವರೆಗೆ ಒತ್ತಿದಳು. ಎಲ್ಲೂ ಮಾಯವಾಗಲಿಲ್ಲ. ಅಂಗಿಗೆ ಕೈ ಒರೆಸಿಕೊಂಡು ಎದ್ದಳು.

"ನಮ್ಮ ದೋಣಿ ಹಾಕು, ಬಾಸಿಲಿಯೊ. ನಾನು ಇಲ್ಲೇ ನಿಂತು ನೋಡ್ತೀನಿ."

ಇಂಥ ಮನುಷ್ಯರ ಜೊತೆ ಬಾಳುವುದು ಕಷ್ಟ. ಎಂದೋ ಆದ ಒಂದು ತಪ್ಪನ್ನು ಬೆರಳ ತುದಿಯಲ್ಲಿಟ್ಟುಕೊಂಡು ತಿರುಗುತ್ತಾರೆ. ತಾವೂ ನಿದ್ದೆ ಮಾಡರು, ಮಗ್ಗುಲಲ್ಲಿರುವವರಿಗೂ ಬಿಡರು. ಇನ್ನೊಬ್ಬರಿಗೆ ಬರಬಹುದಾದ ಕೇಡನ್ನು ಮೊದಲು ತಮ್ಮ ಮೇಲೆ ಹಾಯಿಸಿ ನೋಡುತ್ತಾರೆ. ಅಂಥವರು ಬಿಟ್ಟುಹೋಗುವ ಖಾಲಿ ಕೆಳಗಿರುವುದನ್ನೆಲ್ಲ ತೋರಿಸುವ ಥರದ್ದು. ಏಳು ತಿಂಗಳಿಂದ ನೋಡುತ್ತಿದ್ದೇನೆ: ಕಿಟಕಿ ಇದೆ, ಮೇಜು ಇದೆ, ಹಗ್ಗದ ಮೇಲೆ ನನ್ನ ಕ್ಲಿಪ್ಪುಗಳು ಒಂದೂ ಕಡಿಮೆಯಾಗದೆ ಇವೆ.