ನಮ್ಮ ಲ್ಯಾಬಿನ ಹದಿನಾಲ್ಕು

ರಕ್ತ ಪರೀಕ್ಷೆಯ ಆ ಲ್ಯಾಬಿನ ಮುಖ್ಯಸ್ಥನಿಗೆ ಕೈಕೆಳಗಿನವರು ಇಟ್ಟ ಹೆಸರು ದಶಮಾಂಶ. ಟೀಗೆ ಸಕ್ಕರೆ ಎಷ್ಟು ಎಂದು ಕೇಳಿದರೂ ‘ಒಂದೂವರೆ ಚಮಚಕ್ಕೆ ಚೂರು ಕಡಿಮೆ’ ಎನ್ನುವ ಆಸಾಮಿ. ಅವನ ಯಂತ್ರ ಹೇಳಿದ್ದೇ ಊರಿನ ಡಾಕ್ಟರುಗಳಿಗೆ ವೇದವಾಕ್ಯ.

ಅವನ ತಮ್ಮನಿಗೆ ಅಕ್ಕ ತನ್ನದೊಂದು ಕಿಡ್ನಿ ಕೊಟ್ಟಿದ್ದಳು. ಮೈ ಅದನ್ನು ಹೊರದಬ್ಬದಂತೆ ತಡೆಯುವ ಮಾತ್ರೆ ರಕ್ತದಲ್ಲಿ ಎಷ್ಟಿದೆ ಎಂದು ವಾರವಾರವೂ ಅಳೆಯಬೇಕು. ಹೆಚ್ಚಾದರೆ ವಿಷ, ಕಡಿಮೆಯಾದರೆ ಕಿಡ್ನಿ ಕೈಕೊಡುತ್ತದೆ. ಅಳೆಯುವವನು ಒಡಹುಟ್ಟಿದ ಅಣ್ಣ, ಇನ್ನೇನು ಭಯ ಎಂದು ಮನೆಯವರೆಲ್ಲ ನಿಶ್ಚಿಂತರಾಗಿದ್ದರು.

ಆಗ ಲ್ಯಾಬಿಗೊಂದು ಪುಟ್ಟ ಬಾಟಲಿ ಬಂತು. ಎಲ್ಲ ದೇಶಗಳ ಲ್ಯಾಬುಗಳೂ ಒಂದೇ ಲೆಕ್ಕ ಹೇಳಲಿ ಎಂದು ತಯಾರಿಸಿದ ಮಾದರಿ ಅದು. ಅದರಲ್ಲಿ ಆ ಮಾತ್ರೆಯ ಔಷಧಿ ಎಷ್ಟಿದೆಯೆಂಬುದು ಖಚಿತ. ಯಂತ್ರವನ್ನು ಅದಕ್ಕೆ ಸರಿಯಾಗಿ ಹೊಂದಿಸಿಕೊಳ್ಳಬೇಕು. ದಶಮಾಂಶ ಬಾಗಿಲು ಹಾಕಿಕೊಂಡು ಹೊಂದಿಸಿದ, ತಮ್ಮನ ರಕ್ತವನ್ನು ಮತ್ತೊಮ್ಮೆ ಅಳೆದ. ಬೆಳಿಗ್ಗೆ ಹದಿನಾಲ್ಕು ಇದ್ದದ್ದು ಒಂಬತ್ತಾಯಿತು.

ಅವನ ಮುಖ ಇಂಗು ತಿಂದ ಮಂಗನಂತಾಯಿತು. ಒಂಬತ್ತು ನಿಜವಾದರೆ ಈವರೆಗೆ ಕೊಟ್ಟ ವರದಿಗಳೆಲ್ಲ ಸುಳ್ಳು. ನಾಳೆ ಊರೆಲ್ಲ ಹಲ್ಲು ಕಿರಿಯುತ್ತದೆ. ಯಂತ್ರವನ್ನು ಹಳೆಯ ಅಳತೆಗೇ ತಿರುಗಿಸಿ, ಬಾಟಲಿಯಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿದ, ಹದಿನಾಲ್ಕೆಂದೇ ವರದಿ ಕಳಿಸಿದ. ಮಾನಗೆಟ್ಟವನಿಗೆ ಮಾನದ್ದೇ ಚಿಂತೆ!

ಹದಿನಾಲ್ಕು ನೋಡಿದ ಡಾಕ್ಟರು ಹೆಚ್ಚಾಯಿತೆಂದು ಮಾತ್ರೆ ಕಡಿಮೆ ಮಾಡಿದರು. ಕೆಲವು ವಾರಗಳಲ್ಲಿ ತಮ್ಮ ಫೋನ್ ಮಾಡಿದ.

‘ಅಣ್ಣಾ, ಕಾಲು ಊದ್ಕೊಂಡಿದೆ. ಒಂದ್ಸಲ ಬೇರೆ ಲ್ಯಾಬಲ್ಲಿ ನೋಡಿಸ್ಲಾ?’

‘ಯಾಕೋ, ನನ್ ಮೇಲೆ ನಂಬಿಕೆ ಇಲ್ವಾ?’

ತಮ್ಮನಿಗೆ ನಾಚಿಕೆಯಾಯಿತು. ನೋಡಿಸಲಿಲ್ಲ.

ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ತಮ್ಮ ಡಯಾಲಿಸಿಸ್ ಯಂತ್ರಕ್ಕೆ ಅಂಟಿಕೊಂಡು ಮಲಗಿದ್ದ. ಅಕ್ಕ ತನ್ನ ಪಕ್ಕೆಯ ಹೊಲಿಗೆಯ ಗುರುತಿನ ಮೇಲೆ ಕೈಯಿಟ್ಟುಕೊಂಡು ದಶಮಾಂಶನನ್ನು ಕೇಳಿದಳು.

‘ನಿಂಗೆ ಎಲ್ಲಾ ಗೊತ್ತಿರುತ್ತಲ್ಲಪ್ಪಾ. ಎಲ್ಲಿ ತಪ್ಪಾಯ್ತು? ಔಷಧಿ ಸರಿಯಾಗೇ ಇತ್ತಾ?’

‘ರಕ್ತದಲ್ಲಿ ಬೇಕಾದಷ್ಟಿತ್ತಕ್ಕಾ. ಆ ಕಿಡ್ನಿನೇ ಹೊಂದ್ಕೊಳ್ಳಲಿಲ್ಲ.’

ಅಕ್ಕ ತಮ್ಮನ ಪಾದ ಹಿಡಿದುಕೊಂಡಳು. ‘ನಾನ್ ಕೊಟ್ಟಿದ್ದೇ ಸರಿ ಇರ್ಲಿಲ್ಲ ಕಣೋ. ತಪ್ಪಾಯ್ತು, ಕ್ಷಮಿಸ್ಬಿಡೋ.’

ತಮ್ಮ ಕಾಲು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿದ.

ದಶಮಾಂಶ ಅಕ್ಕನ ಬೆನ್ನು ಸವರಿದ. ‘ಹೋಗ್ಲಿ ಬಿಡಕ್ಕಾ. ನೀನೇನು ಬೇಕೂಂತ ಮಾಡಿದ್ಯಾ?’